ಮೂವರು ಓರಗಿತ್ತಿ ಕಾರ್ಬುರೇಟರುಗಳು

ರೇಸಿಗೆ ಹೊರಟ ಕಾರೊಂದರ ಇಂಜಿನ್ನಿಗೆ ಗಾಳಿ-ಪೆಟ್ರೋಲ್ ಬೆರೆಸಿ ಉಣಿಸುವ ಮೂರು ಕಾರ್ಬುರೇಟರುಗಳಿದ್ದವು, ಒಂದೇ ಮನೆಗೆ ಬಂದ ಮೂವರು ಸೊಸೆಯರ ಹಾಗೆ. ಮೆಕ್ಯಾನಿಕ್ ಇನ್ನಾಸಪ್ಪ ರಬ್ಬರ್ ಪೈಪನ್ನು ಕಿವಿಗಿಟ್ಟುಕೊಂಡು ಒಬ್ಬೊಬ್ಬಳ ಉಸಿರು ಕೇಳುತ್ತ ಸ್ಕ್ರೂ ತಿರುಗಿಸಿ ತಿರುಗಿಸಿ ಸುಸ್ತಾಗಿದ್ದ.

"ಸಂಜೆಯೊಳಗೆ ಮೂವರೂ ಒಂದೇ ಸಮ ಉಸಿರಾಡದಿದ್ದರೆ, ಮೂವರನ್ನೂ ಬಿಚ್ಚಿ ದೊಡ್ಡದೊಂದನ್ನೇ ಕೂರಿಸ್ತೀನಿ" ಅಂದ.

"ನನ್ನದೇನೂ ತಪ್ಪಿಲ್ಲಪ್ಪ. ನಡುವಿನವಳು ಪೆಟ್ರೋಲ್ ಕುಡಿಯೋದು ಊರಿಗೇ ಗೊತ್ತು" ಅಂದಳು ಹಿರಿಯಳು.

"ನೀನು ಕುಡಿದು ಹೊಗೆ ಬಿಟ್ಟಿದ್ದನ್ನ ಪಕ್ಕದ ಶೆಡ್ಡಿನವರೂ ನೋಡಿದಾರೆ, ಅಕ್ಕ" ಅಂದಳು ನಡುವಿನವಳು.

"ಇಬ್ಬರೂ ಸ್ವಲ್ಪ ಬಾಯಿ ಮುಚ್ಚಿ, ಅವನಿಗೆ ಕೇಳಿಸಲಿ" ಅಂತ ಕಿರಿಯಳು ಗದರಿದಳು.

ಅಂತೂ ಮೂವರ ಉಸಿರೂ ಒಂದಾಯಿತು. ಇಂಜಿನ್ ಹಾಲು ಕುಡಿದ ಕೂಸಿನ ಹಾಗೆ ಸಮಾಧಾನವಾಯಿತು. ಇನ್ನಾಸಪ್ಪ ಕೈ ಒರೆಸಿಕೊಂಡ. ಆದರೆ ಹಿರಿಯಳಿಗೆ ತಡೆಯಲಾಗಲಿಲ್ಲ.

"ಇದರಲ್ಲಿ ನನ್ನ ದನಿ ಯಾವುದು ಅಂತ ಯಾರಿಗೆ ತಿಳಿಯುತ್ತೆ?" ಅಂತ ತನ್ನ ಸ್ಕ್ರೂ ತಾನೇ ಸಡಿಲಿಸಿಕೊಂಡು ಜೋರಾಗಿ ಬುಸುಗುಟ್ಟಿದಳು. ಇಂಜಿನ್ ಕೆಮ್ಮಿ ನಿಂತುಹೋಯಿತು.

ಇನ್ನಾಸಪ್ಪ ಪೈಪು ಎಸೆದು ಸ್ಪ್ಯಾನರ್ ಎತ್ತಿಕೊಂಡ.

ಮೂವರೂ ಗುಜರಿ ಡಬ್ಬಕ್ಕೆ ಬಿದ್ದ ಮೇಲೆ ಕಿರಿಯಳು ಅಂದಳು: "ಮಾತಾಡಕ್ಕ, ಈಗ ನಿನ್ನದೊಂದೇ ದನಿ ಕೇಳಿಸುತ್ತೆ."