ಏಳು ಪೆಟ್ಟಿಗೆಗಳ ಪಂಕ್ತಿ

ಒಂದು ಸಂತೆ ಊರಿನಲ್ಲಿ ಬಾಳವ್ವ ಎಂಬಾಕೆ ಖಾನಾವಳಿ ನಡೆಸುತ್ತಿದ್ದಳು. ಅವಳ ರೊಟ್ಟಿಯಷ್ಟೇ ಅವಳ ನೇಮವೂ ಸುತ್ತ ಹತ್ತು ಹಳ್ಳಿಗೆ ಗೊತ್ತಿತ್ತು. ಪಂಕ್ತಿಯಲ್ಲಿ ಕೂತ ಮೇಲೆ ಭೇದ ಮಾಡಬಾರದು. ಗೌಡನಿಗೂ ಹಮಾಲನಿಗೂ ಅದೇ ರೊಟ್ಟಿ, ಅದೇ ಮುಳಗಾಯಿ ಪಲ್ಯ, ಅಷ್ಟೇ ತುಪ್ಪ.

ದೇಶಕ್ಕೆ ಸ್ವಾತಂತ್ರ್ಯ ಬಂದ ಮೇಲೆ ಮೊದಲ ಸಲ ಲೋಕಸಭೆಗೆ ಚುನಾವಣೆ ಬಂತು. ಆ ಕ್ಷೇತ್ರದಲ್ಲಿ ಏಳು ಜನ ನಿಂತರು. ಪಕ್ಷಗಳ ಕಥೆ ಕೇಳಲೇಬೇಡಿ. ಬೆಳಿಗ್ಗೆ ಮೈತ್ರಿ ಮಾಡಿಕೊಂಡವರು ಮಧ್ಯಾಹ್ನದ ಊಟಕ್ಕೆ ಬೇರೆ ಬೇರೆ ಸಾಲಿನಲ್ಲಿ ಕೂರುತ್ತಿದ್ದರು. ಕೂತದ್ದು ಮಾತ್ರ ಎಲ್ಲರೂ ಬಾಳವ್ವನ ಖಾನಾವಳಿಯಲ್ಲೇ. ಉಂಡು ಕೈತೊಳೆದು, ತಮ್ಮನ್ನು ಮರೆಯಬೇಡ ಎಂದು ಎಲ್ಲರೂ ಅವಳಿಗೆ ಹೇಳಿ ಹೋದರು.

ಏಳನೆಯವರು ಈರಸಂಗಪ್ಪ ಮಾಸ್ತರು, ಯಾವ ಪಕ್ಷಕ್ಕೂ ಸೇರದವರು. ನಿಮಗೇನು ಬೇಕು ಎಂದು ಅವಳನ್ನು ಕೇಳಿದವರು ಅವರೊಬ್ಬರೇ. ಅರವತ್ತು ವರ್ಷದ ಬದುಕಿನಲ್ಲಿ ಬಾಳವ್ವನನ್ನು ಯಾರೂ ಹಾಗೆ ಕೇಳಿರಲಿಲ್ಲ. ಅವಳ ಒಬ್ಬಳೇ ಮಗಳು ಹೆರಿಗೆ ನೋವು ತಿನ್ನುತ್ತ, ದೂರದ ಆಸ್ಪತ್ರೆ ಮುಟ್ಟುವ ಮೊದಲೇ ಚಕ್ಕಡಿಯಲ್ಲಿ ತೀರಿಹೋಗಿದ್ದಳು. ಊರಿಗೊಂದು ಹೆರಿಗೆ ಆಸ್ಪತ್ರೆ ಬೇಕು ಎಂದಳು. ಅಂದಿನಿಂದ ಮಾಸ್ತರು ಪ್ರತಿ ಭಾಷಣದಲ್ಲೂ ಆ ಆಸ್ಪತ್ರೆಯ ಮಾತು ಎತ್ತಿದರು.

ಮತದಾನದ ದಿನ ಬಂತು. ಆಗೆಲ್ಲ ಒಬ್ಬೊಬ್ಬ ಅಭ್ಯರ್ಥಿಗೂ ಒಂದೊಂದು ಪೆಟ್ಟಿಗೆ. ಮೆಚ್ಚಿದವರ ಪೆಟ್ಟಿಗೆಗೆ ಚೀಟಿ ಹಾಕಿ ಬಂದರಾಯಿತು. ಪರದೆಯ ಹಿಂದೆ ಬಾಳವ್ವನ ಕೈ ಮಾಸ್ತರ ಪೆಟ್ಟಿಗೆಯ ತನಕ ಹೋಯಿತು. ಆದರೆ ಏಳು ಪೆಟ್ಟಿಗೆಗಳು ಸಾಲಾಗಿ ಕೂತದ್ದು ಅವಳ ಕಣ್ಣಿಗೆ ಪಂಕ್ತಿಯ ಹಾಗೇ ಕಂಡಿತು. ಆರು ಜನರನ್ನು ದಾಟಿ ಒಬ್ಬರಿಗೇ ಬಡಿಸುವುದು ಹೇಗೆ? ಪಾಪ, ಆ ಜೀವ ಚೀಟಿಯನ್ನು ಏಳು ತುಂಡು ಮಾಡಿ, ಪೆಟ್ಟಿಗೆಗೊಂದರಂತೆ ಹಾಕಿ, ಕೈಮುಗಿದು ಹೊರಬಂತು.

ಮರುದಿನ ಊಟಕ್ಕೆ ಬಂದ ಮಾಸ್ತರಿಗೆ ಅವಳು ಇದನ್ನು ಹೆಮ್ಮೆಯಿಂದಲೇ ಹೇಳಿದಳು. ಮಾಸ್ತರು ಸಿಟ್ಟಾಗಲಿಲ್ಲ. ಕೈಯಲ್ಲಿದ್ದ ತುತ್ತು ತಾಟಿನಲ್ಲಿ ಇಟ್ಟರು.

"ಊಟ ಎಲ್ಲಾರಿಗೂ ಬಡಸಬೇಕವ್ವಾ, ಖರೇ. ಆದರ ಮನೀ ಕೀಲಿಕೈ ಏಳು ಮಂದೀಗೆ ಕೊಡ್ತೀರೇನು?"

ಹರಿದ ಚೀಟಿಯನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ ಎಂದು ಆಮೇಲೆ ಮೆಲ್ಲಗೆ ತಿಳಿಸಿದರು.

"ಹಂಗಾರ ನನ್ನ ಮಾತು ಯಾರಿಗೂ ಮುಟ್ಟಲಿಲ್ಲೇನ್ರಿ?" ಎಂದಳು ಬಾಳವ್ವ. ಜೀವನದಲ್ಲಿ ಮೊದಲ ಸಲ ಯಾರೋ ಅವಳ ಮಾತು ಕೇಳಿದ್ದರು, ಅದನ್ನು ತಾನೇ ಕೈಯಾರೆ ಹರಿದುಕೊಂಡೆನಲ್ಲ ಎಂದು ಅವಳಿಗೆ ಅಳು ಬಂತು. ಮಾಸ್ತರು ಸೋತರು. ಅವಳ ಒಂದು ಚೀಟಿಯಿಂದ ಅವರು ಗೆಲ್ಲುತ್ತಿದ್ದರು ಎಂದು ನಾನು ಸುಳ್ಳು ಹೇಳಲಾರೆ, ಸೋತದ್ದು ಸಾವಿರಾರು ಮತಗಳಿಂದ. ಆದರೂ ಬಾಳವ್ವನ ಸಂಕಟ ಕಡಿಮೆಯಾಗಲಿಲ್ಲ.

ಐದು ವರ್ಷದ ನಂತರ ಮತ್ತೆ ಚುನಾವಣೆ. ಈ ಸಲ ಪೆಟ್ಟಿಗೆ ಒಂಬತ್ತು, ಅದರಲ್ಲೊಂದು ಮಾಸ್ತರದು. ಒಂಬತ್ತೂ ಜನ ಬಂದು ಉಂಡರು, ಒಂಬತ್ತೂ ಜನರಿಗೆ ಬಾಳವ್ವ ಅಷ್ಟಷ್ಟೇ ತುಪ್ಪ ಬಡಿಸಿದಳು. ಪರದೆಯ ಹಿಂದೆ ಮಾತ್ರ ಅವಳು ಹೆಚ್ಚು ಹೊತ್ತು ನಿಲ್ಲಲಿಲ್ಲ. ಚೀಟಿ ಇಡಿಯಾಗಿ ಒಂದೇ ಪೆಟ್ಟಿಗೆಗೆ ಬಿತ್ತು.

ಮಾಸ್ತರು ಈ ಸಲವೂ ಸೋತರು. ಫಲಿತಾಂಶ ಬಂದ ದಿನ ತಲೆ ತಗ್ಗಿಸಿಕೊಂಡು ಊಟಕ್ಕೆ ಬಂದರು. ಇನ್ನು ಚುನಾವಣೆಯ ಸಹವಾಸ ಸಾಕು ಎಂದರು. ಬಾಳವ್ವ ರೊಟ್ಟಿ ಹಾಕುತ್ತ ಹೇಳಿದಳು:

"ಹ್ವಾದ ಸಲ ನೀವೊಬ್ಬರ ಸೋತಿದ್ರಿ, ಮಾಸ್ತರ. ಈ ಸಲ ನಾನೂ ನಿಮ್ಮ ಜೋಡಿ ಸೋತೀನಿ."

ಮಾಸ್ತರು ತಗ್ಗಿಸಿದ್ದ ತಲೆ ಎತ್ತಿದರು. ಆಮೇಲೆ, "ಹಂಗಾದ್ರ ಮುಂದಿನ ಸಲಾನೂ ನಿಲ್ಲಬೇಕಾತು" ಎಂದು ಊಟಕ್ಕೆ ಕೈ ಹಾಕಿದರು.

ನೀತಿ: ಅನ್ನವನ್ನು ಎಲ್ಲರಿಗೂ ಹಂಚಬೇಕು, ನಂಬಿಕೆಯನ್ನು ಮಾತ್ರ ಆರಿಸಿ ಕೊಡಬೇಕು. ಯಾರ ಮನಸ್ಸೂ ನೋಯಬಾರದೆಂದು ದಾಕ್ಷಿಣ್ಯಕ್ಕೆ ಬಿದ್ದು ಹರಿದು ಹಂಚಿದ ಮಾತು ಯಾರಿಗೂ ಮುಟ್ಟುವುದಿಲ್ಲ. ಇಡಿಯಾಗಿ ಕೊಟ್ಟ ಮಾತು ಸೋತರೂ ಒಬ್ಬರಿಗೆ ಬಲವಾಗುತ್ತದೆ.