ತಂತ್ರಾಂಶಶಾಲೆಯ ಕಳ್ಳ

"ಕೇಳಿರಪ್ಪೋ ಕೇಳಿ! ಮುತ್ತುಗಪುರದ ವಜ್ರಬಾಹು ಮಹಾಪ್ರಭುಗಳ ಅಪ್ಪಣೆ! ಅರಮನೆಯ ತಂತ್ರಾಂಶಶಾಲೆಗೆ ಅರ್ಧ ಬೊಕ್ಕಸ ಸುರಿದರೂ ಕೆಲಸ ಮುಗಿದಿಲ್ಲ. ಅಲ್ಲೊಬ್ಬ ಕಳ್ಳನಿದ್ದಾನೆ. ರಾಜಕುಮಾರಿಯ ಮೂರು ಒಗಟು ಬಿಡಿಸಿ ಅವನನ್ನು ತೋರಿಸಿದವರಿಗೆ ಕೇಳಿದ್ದು ಸಿಗುತ್ತದೆ. ತಪ್ಪಿದವರ ತಲೆ ಅಮಾವಾಸ್ಯೆಗೆ ಹೋಗುತ್ತದೆ!"

ಡಂಗುರ ಊರೂರು ಸುತ್ತಿತು. ಈ ಅರಸನೋ, ಊಟಕ್ಕೆ ಕೂತರೆ ಉಪ್ಪು ಬಡಿಸಿದವರು ಯಾರೆಂದು ವಿಚಾರಣೆ ನಡೆಸುವ ಆಸಾಮಿ. ನಾಡಿನ ಕಣಜಗಳಲ್ಲಿ ಅಕ್ಕಿ ಹಂಚಲು ಕಂಪ್ಯೂಟರಿಗೆ ತಂತ್ರಾಂಶ ಬರೆಯುತ್ತಿದ್ದ ಹನ್ನೆರಡು ಮಂದಿಯನ್ನೂ ಸೆರೆಗೆ ತಳ್ಳಿದ್ದ. ಶಾಲೆಯ ಉಸ್ತುವಾರಿ ಅವನ ಮಗಳು ಇಳಾವತಿಯದು. ನಿಜವಾದ ಕಳ್ಳ ಯಾರೆಂದು ಅವಳು ಹೇಳಿ ಹೇಳಿ ಸೋತಳು. "ನೀನೂ ಅವರ ಕಡೆಯವಳೇ ಇರಬಹುದು. ಹೊರಗಿನವನೊಬ್ಬ ತಾನಾಗಿ ಅದನ್ನೇ ಹೇಳಲಿ, ಆಗ ನಂಬುತ್ತೇನೆ" ಎಂದ ಅಪ್ಪ. ಅವಳು ಅದಕ್ಕೆಂದೇ ಮೂರು ಒಗಟು ಕಟ್ಟಿ, ಉತ್ತರಗಳನ್ನು ಓಲೆಯಲ್ಲಿ ಬರೆದು, ಅರಗಿನ ಮುದ್ರೆ ಒತ್ತಿ, ಅವನ ಕೈಗೇ ಕೊಟ್ಟಳು.

ಹಳ್ಳಿಯೊಂದರ ಕಣಜದಲ್ಲಿ ಅಕ್ಕಿ ಅಳೆಯುತ್ತಿದ್ದ ಬೋರಲಿಂಗನೂ ಡಂಗುರ ಕೇಳಿದ. ಸೆರೆಯಲ್ಲಿದ್ದ ಹನ್ನೆರಡು ಮಂದಿಯಲ್ಲಿ ಅವನ ಅಕ್ಕ ಚೆನ್ನಾಜಿಯೂ ಒಬ್ಬಳು. ಅವ್ವ ಹೋದ ಮೇಲೆ ಅವನನ್ನು ಸಾಕಿದವಳು ಅವಳೇ. ಅವಳನ್ನು ಬಿಡಿಸಲೇಬೇಕೆಂದು ಹೊರಟನಾದರೂ ದಾರಿಯುದ್ದಕ್ಕೂ ಅವನಿಗೆ ಅನುಮಾನ. ಒಗಟೆಂಬುದು ನೆಪವಿರಬಹುದು, ಅಕ್ಕನ ಜೊತೆ ತಮ್ಮನನ್ನೂ ಹಿಡಿಯುವ ಹೂಟವಿರಬಹುದು. ಆದರೂ ಕಾಲು ಹಿಂದೆ ಸರಿಯಲಿಲ್ಲ.

ಸಭೆಯಲ್ಲಿ ಅವನಿಗಿಂತ ಮುಂದೆ ಇಬ್ಬರಿದ್ದರು. ಮೊದಲನೆಯವನು ಪಕ್ಕದ ನಾಡಿನ ಯುವರಾಜ.

"ಹುಟ್ಟಿದ ದಿನ ಬೆರಳಲ್ಲಿ ಹೊಸಕಿದರೆ ಸಾಯುತ್ತದೆ, ಬೆಳೆದ ಮೇಲೆ ಸೈನ್ಯಕ್ಕೂ ಬಗ್ಗದು. ಹೆತ್ತವರಿಗೆ ಕಾಣದು, ಹೊರಗಿನವರಿಗೆ ಮೊದಲು ಕಾಣುತ್ತದೆ. ಏನದು?" ಎಂದಳು ಇಳಾವತಿ.

"ಬೆಂಕಿ!"

"ಹೊತ್ತಿಸಿದವನಿಗೆ ಬೆಂಕಿ ಕಾಣುವುದಿಲ್ಲವೇ?"

ಭಟರು ಅವನನ್ನು ಸೆರೆಗೆ ಎಳೆದೊಯ್ದರು. ಎರಡನೆಯವನು ಏಳು ದೇಶದ ಅರಸರಿಗೆ ಸಲಹೆ ಮಾರಿ ಹೊಟ್ಟೆ ಬೆಳೆಸಿದ ಪಂಡಿತ. ಅವನಿಗೆ ಎರಡನೆಯ ಒಗಟನ್ನೇ ಮೊದಲು ಕೇಳಿದಳು. "ಒಬ್ಬನೇ ಇದ್ದಾಗ ಅದು ಹುಟ್ಟುವುದಿಲ್ಲ, ಹತ್ತು ಮಂದಿ ಸೇರಿದರೆ ಹಗಲನ್ನೇ ನುಂಗುತ್ತದೆ. ಕೆಲಸಕ್ಕೆ ಕೈ ಹೆಚ್ಚಿದಷ್ಟೂ ಅದರ ಬಾಯಿ ದೊಡ್ಡದಾಗುತ್ತದೆ."

"ಸೋಮಾರಿತನ" ಎಂದ ಪಂಡಿತ ಮೀಸೆ ತಿರುವುತ್ತಾ.

"ಅದು ಒಬ್ಬರೇ ಇದ್ದರೂ ಬರುತ್ತದೆ, ಪಂಡಿತರೇ."

ಪಂಡಿತನೂ ಸೆರೆಗೆ ಹೋದ. ಬೋರಲಿಂಗ ಮುಂದೆ ಬಂದು ಅಡ್ಡಬಿದ್ದ. ಅರಸ ಕಣ್ಣು ಕಿರಿದು ಮಾಡಿದ. "ನಿನ್ನಕ್ಕ ಒಳಗಿದ್ದಾಳಂತೆ. ಉತ್ತರ ಅವಳೇ ಹೇಳಿಕಳಿಸಿದಳೋ?"

"ಅವ್ಳ ಮುಖ ನೋಡಿ ಮೂರು ತಿಂಗ್ಳಾಗದೆ ಬುದ್ಧಿ. ಕಾವಲಿನೋರ್ನ ಕೇಳಿ."

"ಕಾವಲಿನವರನ್ನು ನಂಬಿದವರು ಯಾರು? ಸರಿ, ಮೊದಲನೆಯದಕ್ಕೆ ಉತ್ತರ ಹೇಳು."

"ತಪ್ಪು, ಬುದ್ಧಿ" ಎಂದ ಬೋರಲಿಂಗ. "ತಂತ್ರಾಂಶದೊಳಗೆ ಸೇರ್ಕಂಡ ತಪ್ಪು. ನಮ್ಮೂರ ನಿಂಗಜ್ಜಿ ಗುಂಡುಕಲ್ಲಿನಂಗವ್ಳೆ, ಕಂಪ್ಯೂಟ್ರು ಸತ್ತವ್ಳೆ ಅಂತದೆ. ಬರೆದ ದಿನವೇ ಕಂಡಿದ್ರೆ ಒಂದು ಸಾಲು ತಿದ್ದಿದ್ರೆ ಮುಗೀತಿತ್ತು. ಈಗ ನೂರು ಕಣಜದಲ್ಲಿ ನೂರು ಅಜ್ಜೀರು ಬರಿ ಚೀಲ ಹಿಡ್ಕಂಡು ನಿಂತವ್ರೆ. ಹೆತ್ತವ್ರಿಗೆ ಹೆಗ್ಗಣ ಮುದ್ದು, ಬರೆದೋರಿಗೆ ಕಾಣ್ನಿಲ್ಲ. ಅಕ್ಕಿ ಅಳೆಯೋ ನಂಗೆ ಕಾಣ್ತು."

"ಹಾಗಾದರೆ ತಪ್ಪು ಮಾಡಿದ್ದು ನಿನ್ನಕ್ಕನೇ!" ಅರಸ ಎದ್ದು ನಿಂತ.

ತನ್ನ ಬಾಯಿಂದಲೇ ಅಕ್ಕನನ್ನು ಸಿಕ್ಕಿಸಿದೆನೇ ಎಂದು ಬೋರಲಿಂಗನಿಗೆ ಅಳು ಬಂತು. ಇಳಾವತಿ ಅಡ್ಡ ಬಂದಳು. "ಉತ್ತರ ಸರಿ. ಇನ್ನೂ ಎರಡಿವೆ, ಅಪ್ಪಾಜಿ."

"ಎರಡನೇದು ಮಾತು, ತಾಯಿ. ಒಬ್ರಿಗೊಬ್ರು ವಿವರ ಹೇಳ್ಕೊಳೋ ಮಾತು. ಮೊದ್ಲು ಶಾಲೇಲಿ ಇದ್ದೋರು ಮೂವರು. ತಡ ಆಗ್ತದೆ ಅಂತ ಬುದ್ಧಿಯೋರು ಇನ್ನೊಂಬತ್ತು ಜನನ ತುಂಬಿದ್ರು. ಹಳಬ್ರೆಲ್ಲ ಹೊಸಬ್ರಿಗೆ ಹೇಳ್ಕೊಡ್ತಾ ಕೂತ್ರೆ ಬರೆಯೋರು ಯಾರು? ಹತ್ತು ಜನ ಸೇರಿದ ಕಡೆ ಹಾವು ಸಾಯಲ್ಲ. ಸೆರೆಗೆ ಹೋಗೋ ಮುಂಚೆ ಅಕ್ಕ ಕಾಗದದಲ್ಲಿ ಇದನ್ನೇ ಬರ್ಕಂಡು ಅತ್ತಿದ್ಳು."

"ಹೌದು" ಎಂದಳು ಇಳಾವತಿ. "ಮೂರನೆಯದು ಕೇಳು. ಕೆಲಸ ಹಿಡಿಯುವವನೂ ಅದನ್ನೇ ಹೇಳುತ್ತಾನೆ, ಮುಗಿಸಿದವನೂ ಅದನ್ನೇ ಹೇಳುತ್ತಾನೆ. ನಡುವೆ ಹೊಲ ಉಳದಿದ್ದರೂ ಕೇಳಿದವನು ಬೆಳೆ ಬಂತೆಂದು ನಂಬುತ್ತಾನೆ. ಆ ಕಳ್ಳನ ಹೆಸರೇನು?"

ಬೋರಲಿಂಗ ತಲೆ ತಗ್ಗಿಸಿದ. ತಾನು ಯಾರ ಹೆಸರು ಹೇಳಿದರೂ ಅವರ ತಲೆ ಹೋಗುತ್ತದೆ. ಸುಮ್ಮನಿದ್ದರೆ ತನ್ನದೂ ಅಕ್ಕನದೂ ಹೋಗುತ್ತದೆ. ಭಟ ಹತ್ತಿರ ಬಂದ. ಆಗ ಅವನಿಗೆ ಫೋನಿನ ಆ ದನಿ ನೆನಪಾಯಿತು. ನಿಂಗಜ್ಜಿಯ ಹೆಸರು ಸರಿಮಾಡಿ ಎಂದು ಅರಮನೆಯ ಕಚೇರಿಗೆ ಅವನು ಎಷ್ಟು ಸಲ ಫೋನ್ ಮಾಡಿರಲಿಲ್ಲ! ಪ್ರತಿಸಲವೂ ಒಂದೇ ಉತ್ತರ. ಅದನ್ನು ನಂಬಿ ಪ್ರತಿಸಲವೂ ಅವನು ಅಜ್ಜಿಯನ್ನು ಮರುದಿನ ಬಾ ಎಂದು ಸುಮ್ಮನೆ ನಡೆಸಿದ್ದ.

"ಆಯ್ತು" ಎಂದ.

"ಏನಾಯ್ತು?" ಗುಡುಗಿದ ಅರಸ.

"ಏನೂ ಆಗಿಲ್ಲ ಬುದ್ಧಿ. ಆ ಮಾತೇ ಕಳ್ಳ. ಯುಗಾದಿಯೊಳಗೆ ತಂತ್ರಾಂಶ ಮಾಡಿ ಅಂತ ತಾವು ಅಪ್ಪಣೆ ಕೊಟ್ರಿ, ಅವ್ರು ಆಯ್ತು ಅಂದ್ರು. ಮಾಡ್ತೀವಿ ಅಂತ ಅದ್ರ ಅರ್ಥ. ತಾವು ಮಾಡಿ ಮುಗಿಸವ್ರೆ ಅಂತ ತಿಳ್ಕಂಡು ಎಲ್ಲ ಕಣಜಕ್ಕೂ ಕಳಿಸಿದ್ರಿ. ಇನ್ನೂ ಆಗಿಲ್ಲ ಬುದ್ಧಿ ಅನ್ನೋಕೆ ಯಾರಿಗೆ ಧೈರ್ಯ? ಅಂದೋರ್ನ ತಾವು ಕಳ್ರು ಅಂತೀರಲ್ಲ."

ಅರಸ ಓಲೆ ತೆಗೆದ. ಮುದ್ರೆಯನ್ನು ತಿರುಗಿಸಿ ನೋಡಿದ, ಉಗುರಿನಿಂದ ಕೆರೆದ, ಮಗಳ ಮುಖ ನೋಡಿದ. ಕೊನೆಗೆ ಒಡೆದು ಓದಿದ. ಅಲ್ಲಿದ್ದುದು ಇಷ್ಟೇ: ತಪ್ಪು, ಮಾತು, ಆಯ್ತು. ಅವನ ಮುಖ ಕಪ್ಪಿಟ್ಟಿತು. ಬೊಕ್ಕಸ ಸುರಿದದ್ದು ತಪ್ಪಿನ ಮೇಲೆ ತಪ್ಪು ತಿದ್ದಲಿಕ್ಕೆಂದೂ, ಆ ಅವಸರ ತನ್ನದೇ ಎಂದೂ ಅವನಿಗೆ ಗೊತ್ತಾಯಿತು.

"ಇನ್ನು ಮುಂದೆ ಯಾವ ತಂತ್ರಾಂಶವೂ ಇವನು ಪರೀಕ್ಷಿಸದೆ ಶಾಲೆಯ ಹೊಸ್ತಿಲು ದಾಟಬಾರದು" ಎಂದ. "ಏನು ಬೇಕೋ ಕೇಳು."

"ಸೆರೇಲಿರೋರ್ನೆಲ್ಲ ಬಿಟ್ಬಿಡಿ ಬುದ್ಧಿ, ಆ ಯುವರಾಜ್ರು, ಪಂಡಿತ್ರು ಸೇರಿ."

"ಆಯ್ತು" ಎಂದ ಅರಸ.

ಬೋರಲಿಂಗ ಅಲ್ಲಾಡಲಿಲ್ಲ.

"ಇನ್ನೂ ಯಾಕೆ ನಿಂತಿದ್ದೀಯ?"

"ಅಕ್ಕ ಬರ್ಲಿ ಬುದ್ಧಿ."

ಅರಸ ಅವನನ್ನು ದುರುಗುಟ್ಟಿ ನೋಡಿದ. ಆಮೇಲೆ ಯಾರಿಗೂ ಕೊಡದ ಬೀಗದ ಕೈಗೊಂಚಲನ್ನು ಸೊಂಟದಿಂದ ಬಿಚ್ಚಿಕೊಂಡು ತಾನೇ ಮೆಟ್ಟಿಲಿಳಿದು ಹೋದ. ಬಹಳ ಹೊತ್ತಿನ ಮೇಲೆ ಚೆನ್ನಾಜಿ ಬಿಸಿಲಿಗೆ ಕಣ್ಣು ಕಿವುಚಿಕೊಂಡು ಬಾಗಿಲಿಗೆ ಬಂದಳು. ಬೋರಲಿಂಗ ಓಡಿಹೋಗಿ ಅವಳ ಕೈ ಹಿಡಿದುಕೊಂಡು, ಅಕ್ಕನೇ ಹೌದೋ ಎಂದು ಒಮ್ಮೆ ದಿಟ್ಟಿಸಿ ನೋಡಿ, ಅರಸನ ಕಡೆ ತಿರುಗಿದ.

"ಈಗ ಆಯ್ತು ಬುದ್ಧಿ."