ಓಗೊಟ್ಟಕ್ಕನ ಕೆರೆ

ಅರಳಿಕಣಿವೆ ಊರನ್ನು ದಾಟಿ ಏರಿ ಹತ್ತಿದರೆ ಎದುರಿಗೆ ಹರಡಿಕೊಂಡ ನೀರಿಗೆ ಓಗೊಟ್ಟಕ್ಕನ ಕೆರೆ ಎಂದು ಹೆಸರು. ಪಡುವಣಕ್ಕೆ ಎರಡು ಕರಿಗಲ್ಲಿನ ಗುಡ್ಡಗಳು, ಅವುಗಳ ನಡುವೆ ಒಂದು ಇಕ್ಕಟ್ಟಾದ ಕಣಿವೆ. ಕೆರೆಯ ನಟ್ಟನಡುವೆ ಬಂಡೆಯ ದಿಬ್ಬ, ಅದರ ಮೇಲೆ ನಡುನೀರಮ್ಮನ ಗುಡಿ. ಗುಡಿಯೆಂದರೆ ಗೋಪುರವೇನಿಲ್ಲ; ನಾಲ್ಕು ಚಪ್ಪಡಿ, ಒಳಗೆ ಅರಿಸಿನ ಮೆತ್ತಿದ ಕಲ್ಲು, ಅಷ್ಟೇ. ಏರಿಯ ಮೇಲೆ ತೂಬಿನ ಪಕ್ಕದ ಹುಣಸೆಮರದಲ್ಲಿ ಒಣಗಿದ ಸೋರೆಬುರುಡೆಗಳು ತೂಗುತ್ತಿರುತ್ತವೆ. ಹೊಸಬರು ಅವನ್ನು ಹರಕೆಯ ಬುರುಡೆಗಳೆಂದುಕೊಂಡು ಕೈಮುಗಿಯುವುದುಂಟು. ಹರಕೆಯಲ್ಲ, ಕಟ್ಟಳೆ. ಈ ಕೆರೆಗೆ ಈಜಲು ಇಳಿಯುವವರು ಎಂಥ ಈಜುಗಾರರೇ ಆಗಿರಲಿ, ಒಂದು ಬುರುಡೆಯನ್ನು ಬೆನ್ನಿಗೆ ಕಟ್ಟಿಕೊಂಡೇ ಇಳಿಯಬೇಕು, ಬಂದ ಮೇಲೆ ಅಲ್ಲೇ ತೂಗುಹಾಕಬೇಕು. ಯಾಕೆಂದರೆ ಈ ನೀರನ್ನು ನಂಬುವಂತಿಲ್ಲ. ಮೆಲುಕು ಹಾಕುತ್ತ ಮಲಗಿದ ಹಸುವಿನಂತೆ ತಣ್ಣಗಿರುತ್ತದೆ. ಕಣಿವೆಯ ಬಾಯಿಂದ ಗಾಳಿ ನುಗ್ಗಿತೋ, ಅದೇ ಹಸು ಎದ್ದು ಕೊಂಬು ತಗ್ಗಿಸಿ ಹಾಯಲು ಬಂದ ಹಾಗೆ.

ಹಿಂದೆ ಒಮ್ಮೆ, ಈ ಕೆರೆಗೆ ಇನ್ನೂ ಬರಿದೇ ದೊಡ್ಡಕೆರೆ ಎಂದು ಹೆಸರಿದ್ದ ಕಾಲದಲ್ಲಿ, ಮಾರಕ್ಕ ಎಂಬ ಹೆಣ್ಣುಮಗಳು ಈ ಊರಿಗೆ ಸೊಸೆಯಾಗಿ ಬಂದಳು ಎನ್ನುತ್ತಾರೆ. ಅವಳ ತವರು ಹೊಳೆಯ ದಡದ್ದು. ನಡೆಯುವುದನ್ನು ಕಲಿತ ಹಾಗೆಯೇ ಈಜುವುದನ್ನೂ ಕಲಿತಿದ್ದಳು. ಗಂಡನ ಮನೆಯಲ್ಲಿ ಆ ವಿದ್ಯೆಯನ್ನು ಮದುವೆಯ ಸೀರೆಯಂತೆ ಮಡಿಸಿಟ್ಟಳು. ಆದರೆ ಗಂಡ ಚಿತ್ತಯ್ಯನಿಗೆ ಗೊತ್ತಿತ್ತು. ನಸುಕಿನಲ್ಲಿ ತೂಬಿನ ಮರೆಗೆ ಇಬ್ಬರೂ ನೀರಿಗಿಳಿಯುತ್ತಿದ್ದರು. ಗಂಡನ ಹೆಸರನ್ನು ಹೆಂಡತಿ ಬಾಯಲ್ಲಿ ತರುವಂತಿಲ್ಲವಲ್ಲ, ಮಂಜಿನಲ್ಲಿ ಅವನು ಕಾಣದಾದಾಗ ಅವಳು "ಇದ್ದೀಯಾ?" ಎಂದಷ್ಟೇ ಕೂಗುತ್ತಿದ್ದಳು. ನೀರಿನ ಮೇಲಿಂದ "ಓ" ಎಂದು ಬರುತ್ತಿತ್ತು. ಅವರ ಸಂಸಾರದ ಸುಖವೆಲ್ಲ ಆ ಒಂದು ಅಕ್ಷರದಲ್ಲಿತ್ತು ಎಂದರೂ ತಪ್ಪಿಲ್ಲ.

ಕೆರೆ ಕೋಡಿ ಬಿದ್ದ ವರ್ಷ ಮನೆಗೊಬ್ಬರಂತೆ ದಿಬ್ಬದವರೆಗೆ ಈಜಿ, ಸತ್ತ ಹಿರಿಯರ ಹೆಸರಿನಲ್ಲಿ ಅಮ್ಮನ ಮುಂದೆ ದೀಪ ಹಚ್ಚುವುದು ಅಲ್ಲಿನ ನೇಮ. ಪೂಜಾರಿ ಹಿಂದಿನ ದಿನವೇ ಹರಿಗೋಲಿನಲ್ಲಿ ಹೋಗಿ ಅಲ್ಲಿ ಕಾದಿರುತ್ತಿದ್ದ. ಈಜುವ ದಿನ ಮಾತ್ರ ನೀರಿಗೆ ಹರಿಗೋಲು ಬಿಡುವಂತಿರಲಿಲ್ಲ. ಇನ್ನೂ ಒಂದು ನೇಮವಿತ್ತು. ನೀರಿನಲ್ಲಿ ಹಿಂದಿನಿಂದ ಯಾರೇ ಕೂಗಲಿ ಓಗೊಡಬಾರದು, ತಿರುಗಿಯೂ ನೋಡಬಾರದು. ಕೂಗುವುದು ಮನುಷ್ಯರಲ್ಲ, ನೀರಿನ ಪೀಡೆ. ಓಗೊಟ್ಟವರನ್ನು ಎಳೆದುಕೊಳ್ಳುತ್ತದೆ ಎಂಬ ನಂಬಿಕೆ. ಹಾಗಾಗಿ ಗಂಡಸರು ನಾ ಮುಂದೆ ತಾ ಮುಂದೆ ಎಂದು ಒಬ್ಬರನ್ನೊಬ್ಬರು ನೋಡದೆ ಈಜುತ್ತಿದ್ದರು. ಅಂಥ ಒಂದು ವರ್ಷ ಗಾಳಿ ಎದ್ದಿತು. ಹೋದವರೆಲ್ಲ ಮರಳಿದರು, ಚಿತ್ತಯ್ಯ ಮರಳಲಿಲ್ಲ. ಸಾವಿಗೆ ಬಂದ ಪಾಲಯ್ಯ, ಊರಿಗೇ ಗಟ್ಟಿ ಈಜುಗಾರ, ಸಮಾಧಾನ ಹೇಳಲೆಂದೇ ಹೇಳಿದ: "ಪೀಡೆ ನಮ್ಮನ್ನೂ ಬಿಡಲಿಲ್ಲ ಕಣಕ್ಕ. ಥೇಟ್ ನಿನ್ನ ಗಂಡನ ದನಿಯಲ್ಲೇ ಕೂಗ್ತು. ನಾವ್ಯಾರೂ ಓ ಅನ್ನಲಿಲ್ಲ. ಅಮ್ಮನ ದಯೆ, ಉಳಕೊಂಡ್ವಿ."

ಕೂಗಿದ್ದು ಯಾರೆಂದು ಮಾರಕ್ಕನಿಗೆ ತಿಳಿಯಿತು. ಅವಳೊಬ್ಬಳಿಗೇ ತಿಳಿಯಿತು. ಹೇಳಿದರೆ ಸತ್ತವನು ಬರುವನೇ? ಇದ್ದವರು ಆ ತಪ್ಪು ನೆನೆದು ಉಣ್ಣಲಾರರು. ಮಾತನ್ನು ಒಡಲಲ್ಲೇ ಇಟ್ಟುಕೊಂಡಳು. ಅದಾದ ಮೇಲೆ ಬಹಳ ವರ್ಷ ಕೆರೆ ತುಂಬಲಿಲ್ಲ, ಚಿತ್ತಯ್ಯನ ಹೆಸರಿಗೆ ದೀಪವೂ ಹತ್ತಲಿಲ್ಲ.

ಕೊನೆಗೊಂದು ವರ್ಷ ಕೋಡಿ ಬಿತ್ತು. ಮಾರಕ್ಕನ ತಲೆ ಅರ್ಧ ನರೆತಿತ್ತು. ಎಣ್ಣೆಬತ್ತಿಯ ಪುಟ್ಟ ಗಂಟನ್ನು ತಲೆಗೆ ಬಿಗಿದು, ಸೀರೆಯನ್ನು ಕಚ್ಚೆ ಹಾಕಿ, ಮಕ್ಕಳು ಈಜು ಕಲಿಯುವಾಗ ಕಟ್ಟಿಕೊಳ್ಳುವಂಥ ಸೋರೆಬುರುಡೆಯೊಂದನ್ನು ಬೆನ್ನಿಗೆ ಕಟ್ಟಿಕೊಂಡು ಅವಳು ಏರಿ ಇಳಿದಾಗ ಊರ ಗೌಡ ಅಡ್ಡ ಬಂದ.

"ಹೆಂಗಸರು ಅಮ್ಮನ ಹತ್ರ ಈಜಿ ಹೋದದ್ದು ಎಲ್ಲಾದರೂ ಉಂಟೇನವ್ವ?"

"ಅಮ್ಮ ಹೆಂಗಸಲ್ಲವೇನ್ರಿ ಗೌಡ್ರೆ? ಮನೆಗೊಬ್ಬರು ಅಂತ ನೇಮ. ನಮ್ಮ ಮನೇಲಿ ಇರೋಳು ನಾನೊಬ್ಬಳೇ."

ಪಾಲಯ್ಯ ನಕ್ಕ. "ಹೋಗ್ಲಿ ಬಿಡಿ ಗೌಡ್ರೆ. ಆದ್ರೆ ಅಕ್ಕಾ, ಬುರುಡೆ ಕಟ್ಕೊಂಡು ಹೋದ್ರೆ ಅಮ್ಮ ನಗ್ತಾಳೆ."

"ನಗಲಿ ಬಿಡಪ್ಪ," ಎಂದಳು ಮಾರಕ್ಕ. "ಈ ಕೆರೆಯ ಮುಂದೆ ಅತ್ತದ್ದು ಸಾಕು."

ಅರ್ಧ ದಾರಿ ಸುಖವಾಗಿ ಸಾಗಿತು. ಪಾಲಯ್ಯ ಎಲ್ಲರಿಗಿಂತ ಮುಂದೆ, ಮಾರಕ್ಕ ಎಲ್ಲರಿಗಿಂತ ಹಿಂದೆ. ನೀರು ಬೆಚ್ಚಗಿತ್ತು; ಎಷ್ಟೋ ವರ್ಷದ ಮೇಲೆ ಕೈಕಾಲು ತಮ್ಮ ಮಾತನ್ನು ತಾವೇ ನೆನಪು ಮಾಡಿಕೊಳ್ಳುತ್ತಿದ್ದವು. ಆಗ ಕಣಿವೆ ಉಸಿರು ಬಿಟ್ಟಿತು. ನೋಡನೋಡುತ್ತ ನೀರು ಕಪ್ಪಾಯಿತು, ಅಲೆ ಎದ್ದಿತು, ಗಾಳಿ ಹಾರಿಸಿದ ಹನಿಯಲ್ಲಿ ದಿಬ್ಬವೂ ಕಾಣದಾಯಿತು, ಮುಂದಿನವರ ತಲೆಯೂ ಕಾಣದಾಯಿತು. ಮಾರಕ್ಕ ಬುರುಡೆಯ ಮೇಲೆ ಭಾರ ಬಿಟ್ಟು, ಅಲೆ ಎತ್ತಿದರೆ ಎದ್ದು, ಇಳಿಸಿದರೆ ಇಳಿದು, ಗಂಟು ನೆನೆಯದಂತೆ ತಲೆ ಎತ್ತಿ ಹಿಡಿದು ಸಾಗುತ್ತಿದ್ದಳು. ಆಗಲೇ ಹಿಂದಿನಿಂದ ಕೂಗು ಬಂತು. "ಯಾರಾದ್ರೂ ಇದ್ದೀರೇನ್ರೋ! ಕಾಲು ಸೆಟೆದು ಹೋಯ್ತು!"

ಪಾಲಯ್ಯನ ದನಿ. ಮುಂದೆ ಹೋಗಿದ್ದ ಅವನಿಗೆ ಕಾಲು ಸೆಳೆತ ಬಂದು, ಎದುರು ಅಲೆ ಅವನನ್ನು ಎಲ್ಲರಿಗಿಂತ ಹಿಂದಕ್ಕೆ ತಳ್ಳಿಬಿಟ್ಟಿತ್ತು. ಮುಂದಿನವರು ಯಾರೂ ಓಗೊಡಲಿಲ್ಲ. ಮಾರಕ್ಕನೂ ಒಂದು ಗಳಿಗೆ ಸುಮ್ಮನಿದ್ದಳು. ಅವಳಿಗೆ ನೇಮದ ಹೆದರಿಕೆ ಇರಲಿಲ್ಲ. ಅವಳ ಎದೆಯಲ್ಲಿ ಆಗ ಏನಿತ್ತೋ ಅದನ್ನು ಬಲ್ಲವಳು ನಡುನೀರಮ್ಮ ಒಬ್ಬಳೇ. ಕೂಗು ಮತ್ತೆ ಬಂತು, ಈ ಸಲ ಸಣ್ಣಗೆ. ಕೂಗಿದವನು ಉತ್ತರಕ್ಕಾಗಿ ಕಿವಿಗೊಟ್ಟು ನಿಲ್ಲುವ ಆ ಗಳಿಗೆ ಎಷ್ಟು ಉದ್ದವೆಂದು ಅವಳಿಗೆ ಆಗ ಗೊತ್ತಾಯಿತು. ತನ್ನವನೂ ಹೀಗೆಯೇ ಕಿವಿಗೊಟ್ಟಿದ್ದನಲ್ಲವೇ?

"ಓ!" ಎಂದಳು ಮಾರಕ್ಕ. ಎಂದು, ತಿರುಗಿದಳು.

ದನಿ ಹಿಡಿದು ಹೋಗಿ, ಬೆನ್ನಿನ ಬುರುಡೆ ಬಿಚ್ಚಿ ಅವನ ಎದೆಯ ಕೆಳಗೆ ತುರುಕಿದಳು. ಆಮೇಲೆ ಗಾಳಿಗೆ ಎದುರಾಗಿ ಕೂಗಿದಳು: "ಓಗೊಡ್ರೋ! ಪೀಡೆಯಲ್ಲ ಕಣ್ರೋ, ನಮ್ಮ ಪಾಲಯ್ಯ! ಓ ಅನ್ರೋ!" ಬಹಳ ಹೊತ್ತು ಬರೀ ಗಾಳಿ. ಆಮೇಲೆ ಎಲ್ಲಿಂದಲೋ ಅಂಜುತ್ತ ಒಂದು "ಓ". ಇನ್ನೊಂದು ಕಡೆಯಿಂದ ಮತ್ತೊಂದು. ಕಣ್ಣಿಗೆ ಕಾಣದವರು ಕಿವಿಗೆ ಕಂಡರು. ಒಬ್ಬೊಬ್ಬರಾಗಿ ತಿರುಗಿ ಬಂದು, ಪಾಲಯ್ಯನನ್ನೂ ಬುರುಡೆಯಿಲ್ಲದ ಮಾರಕ್ಕನನ್ನೂ ನಡುವೆ ಹಾಕಿಕೊಂಡು, ಎಲ್ಲರಿಗಿಂತ ನಿಧಾನವಾದವನು ಎಷ್ಟು ಸಾಗುವನೋ ಅಷ್ಟೇ ಸಾಗುತ್ತ, ಅಲೆ ಮುಚ್ಚಿದಾಗಲೆಲ್ಲ ಕೂಗುತ್ತ, ಓಗೊಡುತ್ತ, ಮಂದೆಯಂತೆ ದಿಬ್ಬ ಮುಟ್ಟಿದರು. ಆ ದಿನ ಕೆರೆ ಯಾರನ್ನೂ ಇಟ್ಟುಕೊಳ್ಳಲಿಲ್ಲ.

ಮಾರಕ್ಕನ ಗಂಟಿನ ಎಣ್ಣೆ ನೀರುಪಾಲಾಗಿತ್ತು. ಉಳಿದವರು ತಮ್ಮ ತಮ್ಮ ಪುಟ್ಟ ಎಣ್ಣೆಮಗೆಯಿಂದ ಒಂದೊಂದು ಹನಿ ಕೊಟ್ಟರು. ಪೂಜಾರಿ ಬತ್ತಿ ಹಚ್ಚಲು ಹೋಗಿ, "ಯಾರ ಹೆಸರಿಗವ್ವ?" ಎಂದು ಕೇಳಿದ. ಅವಳು ತಲೆ ತಗ್ಗಿಸಿದಳು. ಹೆಸರು ಹೇಳುವ ಹಾಗಿಲ್ಲ. ನಡುಗುತ್ತ ಕೂತಿದ್ದ ಪಾಲಯ್ಯ "ಚಿತ್ತಯ್ಯನ ಹೆಸರಿಗೆ" ಎಂದ. ಹೇಳಿದವನ ಮುಖ ಮೆಲ್ಲಗೆ ಬಿಳಿಚಿಕೊಂಡಿತು. ದೀಪ ಹತ್ತಿತು. ಅವನು ಕುಂಟುತ್ತ ಬಂಡೆಯ ಅಂಚಿಗೆ ಹೋಗಿ, ಇಳಿಯುತ್ತಿದ್ದ ಅಲೆಗಳ ಕಡೆ ನೋಡಿ, ಯಾರೂ ಕೂಗದಿದ್ದರೂ ಎದೆ ಬಿರಿಯುವಂತೆ "ಓ" ಎಂದ. ಅರ್ಥವಾದವರು ಒಬ್ಬೊಬ್ಬರಾಗಿ ಎದ್ದು ಅವನ ಪಕ್ಕ ನಿಂತು "ಓ" ಎಂದರು. ಮಾರಕ್ಕ ಸೆರಗಿನಿಂದ ದೀಪಕ್ಕೆ ಗಾಳಿ ಮರೆ ಮಾಡಿಕೊಂಡು ಕೂತಿದ್ದಳು. ಆಮೇಲೆ ಒದ್ದೆ ಬಟ್ಟೆಯಲ್ಲೇ ಎದ್ದು ಪಾಲಯ್ಯನ ತೋಳು ಹಿಡಿದು, "ಸಾಕು ಬಾರಪ್ಪ, ಕೇಳಿಸಿರ್ತದೆ" ಎಂದಳಂತೆ.

ಅಂದಿನಿಂದ ಹಳೆಯ ನೇಮ ಹೋಯಿತು, ಕೆರೆಗೆ ಅವಳ ಹೆಸರು ಬಂತು. ಈಗಲೂ ಕೋಡಿ ಬಿದ್ದ ವರ್ಷ ಹೆಣ್ಣುಗಂಡೆನ್ನದೆ ಬೆನ್ನಿಗೆ ಬುರುಡೆ ಕಟ್ಟಿ ಗುಂಪಾಗಿ ಈಜುತ್ತಾರೆ. ಎಲ್ಲರಿಗಿಂತ ಹಿಂದಿನವರು ಆಗಾಗ ಕೂಗುತ್ತಾರೆ, ಮುಂದಿನವರು ಓಗೊಟ್ಟು ಕಾಯುತ್ತಾರೆ. ದಿಬ್ಬ ಮುಟ್ಟಿ ದೀಪ ಹಚ್ಚಿದ ಮೇಲೆ ಎಲ್ಲರೂ ನೀರಿನತ್ತ ತಿರುಗಿ ಒಮ್ಮೆ ಗಟ್ಟಿಯಾಗಿ "ಓ" ಎನ್ನುತ್ತಾರೆ. ಏರಿಯ ಮೇಲೆ ನಿಂತವರೂ ದನಿಗೂಡಿಸುತ್ತಾರೆ. ಹೊರಗಿನಿಂದ ಬಂದವರು ಅತ್ತಿತ್ತ ನೋಡಿ, ಯಾರೂ ಕೂಗಲಿಲ್ಲವಲ್ಲ ಎಂದು ಕೇಳುತ್ತಾರೆ. ಹುಣಸೆಮರದ ಕೆಳಗೆ ಕೂತ ಅಜ್ಜಿಯರು ನೀರಿನಿಂದ ಕಣ್ಣು ತೆಗೆಯದೆ ಹೇಳುವುದು ಒಂದೇ ಮಾತು:

"ಕೂಗಿದ್ದ ಕಣಪ್ಪ. ನಾವು ಓ ಅನ್ನೋದೇ ತಡವಾಯ್ತು."